ಬಾಯಿಪಾಠದಿಂದ ಭಾಷೆ: ಏಷ್ಯಾದ ಹಳೆಯ ನೆನಪಿನ ವಿಧಾನಗಳನ್ನು ಬಳಸುವುದು ಹೇಗೆ?

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. "ವೇದ ಕಲಿಯುವವರು ಸಾವಿರಾರು ಮಂತ್ರ ನೆನಪಿಡ್ತಾರಲ್ಲ, ಆ ವಿಧಾನದಲ್ಲಿ ಹೊಸ ಭಾಷೆ ಕಲಿಯಬಹುದಾ?" "ಅವಧಾನಿಗಳು ಸುತ್ತ ಕೂತ ಹಲವರ ಪ್ರಶ್ನೆಗಳನ್ನ ಒಟ್ಟಿಗೇ ನೆನಪಿಟ್ಟು ಉತ್ತರ ಕೊಡ್ತಾರಲ್ಲ, ಅದನ್ನ ನಾವೂ ಮಾಡಬಹುದಾ?" "ಹೊಸ ಪದ ಎರಡೇ ದಿನಕ್ಕೆ ಮರೆತುಹೋಗುತ್ತೆ, ಏನ್ ಮಾಡ್ಲಿ?"

ಮಾಡಬಹುದು. ಆದರೆ ಹಾಗೇ ಎತ್ತಿಕೊಂಡು ಬಂದರೆ ಕೆಲಸ ಆಗುವುದಿಲ್ಲ. ಈ ವಿಧಾನಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ಒಂದು ಪಠ್ಯ ಒಂದಕ್ಷರವೂ ಬದಲಾಗದೆ ಉಳಿಯಲಿ ಅಂತ. ಋಗ್ವೇದದ 1028 ಸೂಕ್ತಗಳು ಬಾಯಿಂದ ಬಾಯಿಗೆ ಬಂದದ್ದು ಹೀಗೆ. ನಿಮ್ಮ ಅಗತ್ಯ ಇದಕ್ಕೆ ಉಲ್ಟಾ. ಕಲಿತ ವಾಕ್ಯವನ್ನು ನೀವು ದಿನವೂ ಬದಲಾಯಿಸಬೇಕು. ನಿನ್ನೆ ಹೇಳಿದ್ದನ್ನು ಇವತ್ತು ಬೇರೆ ಕಾಲಕ್ಕೆ, ಬೇರೆ ವ್ಯಕ್ತಿಗೆ ಹೊಂದಿಸಿ ಹೇಳಬೇಕು. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೊದಲು ಗಟ್ಟಿ ಮಾಡುತ್ತೇವೆ, ಕೊನೆಗೆ ಬಿಡಿಸುತ್ತೇವೆ. ಕೊನೆಯ ಹಂತ ಬಿಟ್ಟರೆ ಗಿಳಿಪಾಠ ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು. "ನೆನಪಿನ ಅರಮನೆ" ಅಂತ ಕೇಳಿರುತ್ತೀರಿ. ಗೊತ್ತಿರುವ ಮನೆಯ ಮೂಲೆಮೂಲೆಯಲ್ಲಿ ಚಿತ್ರಗಳನ್ನು ಇಟ್ಟು ನೆನಪಿಡುವುದು. ಅದು ಗ್ರೀಕರು, ರೋಮನ್ನರಿಂದ ಬಂದದ್ದು, ಏಷ್ಯಾದ್ದಲ್ಲ. ಮಟ್ಟಿಯೊ ರಿಚ್ಚಿ ಎಂಬ ಪಾದ್ರಿ 1596ರಲ್ಲಿ ಚೀನಾದ ಒಬ್ಬ ಅಧಿಕಾರಿಗಾಗಿ ಅದರ ಬಗ್ಗೆ ಪುಸ್ತಕ ಬರೆದುಕೊಟ್ಟ. ಅದನ್ನು ಓದಿದ ಅಧಿಕಾರಿಯ ಮಗ, ನಿಯಮಗಳೇನೋ ಸರಿ, ಆದರೆ ಇವನ್ನು ಬಳಸುವುದಕ್ಕೇ ಮೊದಲು ಒಳ್ಳೆಯ ನೆನಪಿನ ಶಕ್ತಿ ಬೇಕು ಎಂದನಂತೆ. ಭಾಷೆಯ ಮಟ್ಟಿಗೆ ನನಗೂ ಹಾಗೇ ಅನಿಸುತ್ತದೆ. ಮಾತಾಡುವಾಗ ಅರಮನೆಯೊಳಗೆ ಹೋಗಿ ಪದ ಹುಡುಕಿ ತರುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಏಷ್ಯಾದ ಹಳೆಯ ವಿಧಾನಗಳು ಕಣ್ಣಿಗಿಂತ ಜಾಸ್ತಿ ಕಿವಿ, ನಾಲಿಗೆಯನ್ನು ನಂಬುತ್ತವೆ. ಭಾಷೆಗೆ ಬೇಕಾದದ್ದೂ ಅದೇ ಅಲ್ವಾ?

ಏನೇನು ಬೇಕು?

ದಿನಕ್ಕೆ ಅರ್ಧ ಗಂಟೆ. ಒಂದು ನೋಟ್‌ಬುಕ್. ರೆಕಾರ್ಡ್ ಮಾಡಲು ಮೊಬೈಲ್. ಆ ಭಾಷೆಯನ್ನೇ ಆಡುತ್ತಾ ಬೆಳೆದವರ ದನಿಯಲ್ಲಿರುವ ಚಿಕ್ಕ ಚಿಕ್ಕ ವಾಕ್ಯಗಳ ಆಡಿಯೋ, ಅದರ ಬರಹ ಮತ್ತು ಅರ್ಥ. ಅರ್ಥ ಗೊತ್ತಿಲ್ಲದ ಒಂದು ವಾಕ್ಯವನ್ನೂ ಬಾಯಿಪಾಠ ಮಾಡಬೇಡಿ.

ಹಂತ 1: ಸದ್ದುಗಳ ನಕ್ಷೆ ಹಾಕಿಕೊಳ್ಳಿ

ಕನ್ನಡ ಓದಲು ಬರುವವರ ಬಳಿ ಒಂದು ದೊಡ್ಡ ಆಸ್ತಿ ಇದೆ. ನಮ್ಮ ವರ್ಣಮಾಲೆ ಸುಮ್ನೆ ಅಕ್ಷರಗಳ ಪಟ್ಟಿ ಅಲ್ಲ. ಅದು ಬಾಯಿಯ ನಕ್ಷೆ. ಕ ವರ್ಗ ಗಂಟಲ ಹತ್ತಿರ ಹುಟ್ಟುತ್ತದೆ. ಚ, ಟ, ತ ಎನ್ನುತ್ತಾ ಮುಂದೆ ಬಂದು ಪ ವರ್ಗಕ್ಕೆ ತುಟಿಯಲ್ಲಿ ನಿಲ್ಲುತ್ತದೆ. ಹೊಸ ಭಾಷೆಯ ಪ್ರತಿ ಸದ್ದನ್ನೂ ಈ ನಕ್ಷೆಯಲ್ಲಿ ಕೂರಿಸಿ. ಹೊಂದದ ಸದ್ದುಗಳಿಗೆ ಗುರುತು ಹಾಕಿ. ನೀವು ಜಾಸ್ತಿ ದುಡಿಯಬೇಕಾದ್ದು ಅವುಗಳ ಮೇಲೆ ಮಾತ್ರ.

ಜಪಾನಿ ಕಲಿಯುವವರಿಗಂತೂ ಇದು ನೇರ ಲಾಭ. ಜಪಾನಿನ ಅಕ್ಷರಗಳ ಕೋಷ್ಟಕದಲ್ಲಿ ಸ್ವರಗಳ ಕ್ರಮ ಅ, ಇ, ಉ, ಎ, ಒ. ಸಾಲುಗಳ ಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅನಿಸಿತಾ? ಸಂಸ್ಕೃತದ ಅಕ್ಷರಗಳನ್ನು ಕಲಿತ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತು. ನಮ್ಮ ಚ ವರ್ಗದ ಜಾಗದಲ್ಲಿ ಅವರಿಗೆ ಸ ಸಾಲು. ಪ ವರ್ಗದ ಜಾಗದಲ್ಲಿ ಹ ಸಾಲು. ಈಗ ಹ ಎನ್ನುವ ಕಡೆ ಹಳೆಯ ಜಪಾನಿಯಲ್ಲಿ ಪ ಇತ್ತು. ಹಳೆಗನ್ನಡದ ಪಾಲು ಹಾಲಾದದ್ದು ನೆನಪಿಸಿಕೊಳ್ಳಿ, ಈ ಸಾಲು ಇನ್ನು ಮರೆಯುವುದಿಲ್ಲ.

ಕೊರಿಯನ್ ಕಲಿಯುವವರಿಗೆ ಇನ್ನೂ ಸುಲಭ. ಸೆಜೊಂಗ್ ದೊರೆಯ ಕಾಲದಲ್ಲಿ 1443ರಲ್ಲಿ ಸಿದ್ಧವಾಗಿ 1446ರಲ್ಲಿ ಪ್ರಕಟವಾದ ಆ ಲಿಪಿಯಲ್ಲಿ ಮೂಲ ವ್ಯಂಜನಗಳ ಆಕಾರವೇ ಬಾಯಿಯ ಆಕಾರ. ಕ-ಗ ಸದ್ದಿನ ಅಕ್ಷರ ನಾಲಿಗೆಯ ಬುಡ ಮೇಲೆದ್ದ ಹಾಗಿದೆ. ಮ ಅಕ್ಷರ ಬಾಯಿಯನ್ನು ಸೂಚಿಸುವ ಚೌಕ. ಅಕ್ಷರ ನೋಡುತ್ತಾ ನಾಲಿಗೆಯನ್ನು ಹಾಗೇ ಇಟ್ಟು ಉಚ್ಚರಿಸಿ.

ಈ ಹಂತಕ್ಕೆ ಒಂದು ವಾರ ಸಾಕು. ಇಲ್ಲೇ ತಿಂಗಳುಗಟ್ಟಲೆ ನಿಲ್ಲಬೇಡಿ.

ಹಂತ 2: ಸಂಥೆ

ವೇದಪಾಠದಲ್ಲಿ ಗುರು ಒಂದು ಸಲ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುವ ರೂಢಿ ಇದೆ. ಹೀಗೆ ಹೇಳಿಸಿ ಕಲಿಸುವುದಕ್ಕೆ ಸಂಥೆ ಎನ್ನುತ್ತಾರೆ. ಇಲ್ಲಿ ಗುರುವಿನ ಜಾಗದಲ್ಲಿ ನಿಮ್ಮ ಆಡಿಯೋ.

ಬರಹ ಮುಚ್ಚಿಡಿ. ವಾಕ್ಯವನ್ನು ಒಂದು ಸಲ ಕೇಳಿ, ಎರಡು ಸಲ ಜೋರಾಗಿ ಹೇಳಿ. ಹೀಗೆ ಐದಾರು ಸುತ್ತು. ಆಮೇಲೆ ಮಾತ್ರ ಬರಹ ನೋಡಿ. ಕೊನೆಗೆ ನಿಮ್ಮ ದನಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ದನಿ ಹೊರಗೆ ಬರಲೇಬೇಕು. ಇನ್ನೊಂದು, ತಪ್ಪು ಉಚ್ಚಾರಣೆಯಲ್ಲೇ ನೂರು ಸಲ ಹೇಳುವುದು. ನೂರು ಸಲ ಹೇಳಿದ ತಪ್ಪು ನೂರು ಸಲದಷ್ಟು ಗಟ್ಟಿಯಾಗುತ್ತದೆ. ಅದನ್ನು ಕೀಳುವುದು ಹೊಸದು ಕಲಿಯುವುದಕ್ಕಿಂತ ಕಷ್ಟ. ಮೊದಲ ದಿನವೇ ತಿದ್ದಿಕೊಳ್ಳಿ.

ಹಂತ 3: ಪದ, ಕ್ರಮ, ಜಟೆ, ಘನ

ಇದು ಇಡೀ ವಿಧಾನದ ತಿರುಳು. ನಿಧಾನವಾಗಿ ಓದಿ.

ಒಂದೇ ಮಂತ್ರವನ್ನು ವೇದ ಕಲಿಯುವವರು ಹಲವು ರೀತಿ ಹೇಳುತ್ತಾರೆ. ಸಂಧಿ ಸಮೇತ ಇದ್ದಂತೆ ಹೇಳಿದರೆ ಸಂಹಿತಾಪಾಠ. ಪದಗಳನ್ನು ಬಿಡಿಸಿ ಹೇಳಿದರೆ ಪದಪಾಠ. ಎರಡೆರಡಾಗಿ ಕೊಂಡಿ ಹಾಕುತ್ತಾ ಹೋದರೆ ಕ್ರಮಪಾಠ. ಅಂದರೆ 1-2, 2-3, 3-4. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋದರೆ ಜಟಾಪಾಠ: 1-2, 2-1, 1-2. ಘನಪಾಠ ಇದಕ್ಕೆ ಮೂರನೆಯ ಪದವನ್ನೂ ಸೇರಿಸುತ್ತದೆ: 1-2, 2-1, 1-2-3, 3-2-1, 1-2-3. ಘನಪಾಠಿ ಎಂಬ ಗೌರವದ ಹೆಸರು ಬಂದದ್ದು ಇದರಿಂದಲೇ.

ಇದು ಯಾಕೆ ಕೆಲಸ ಮಾಡುತ್ತದೆ? ಸುಮ್ನೆ ಮೊದಲಿಂದ ಕೊನೆಯವರೆಗೆ ಉರು ಹೊಡೆದರೆ ನಡುವೆ ಎಲ್ಲಿ ಕೊಂಡಿ ಕಳಚಿದರೂ ಮತ್ತೆ ಮೊದಲಿಂದ ಶುರು ಮಾಡಬೇಕು. ಮಗ್ಗಿ ಒಪ್ಪಿಸುವ ಮಗುವನ್ನು ನಡುವೆ ತಡೆದರೆ ಆಗುತ್ತದಲ್ಲ, ಹಾಗೆ. ಕ್ರಮಪಾಠದಲ್ಲಿ ಪ್ರತಿ ಕೊಂಡಿಯನ್ನೂ ಬೇರೆಯಾಗಿ ಬಿಗಿಯುತ್ತೇವೆ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಒಂದು ಜಪಾನಿ ವಾಕ್ಯ ತೆಗೆದುಕೊಳ್ಳೋಣ:

ಅಶಿತ / ತೊಮೊದಚಿ ತೊ / ಎಕಿ ಎ / ಇಕಿಮಸ್
ನಾಳೆ / ಗೆಳೆಯನ ಜೊತೆ / ಸ್ಟೇಷನ್‌ಗೆ / ಹೋಗುತ್ತೇನೆ

ಮೊದಲು ಬಿಡಿಬಿಡಿಯಾಗಿ ಹೇಳಿ, ಪ್ರತಿ ತುಂಡಿನ ಅರ್ಥ ಮನಸ್ಸಿಗೆ ಬರಲಿ. ಆಮೇಲೆ ಕ್ರಮ:

ಅಶಿತ ತೊಮೊದಚಿ ತೊ.
ತೊಮೊದಚಿ ತೊ ಎಕಿ ಎ.
ಎಕಿ ಎ ಇಕಿಮಸ್.

ಆಮೇಲೆ ಇಡೀ ವಾಕ್ಯ. ಇಲ್ಲಿ ನಾನು ಕತ್ತರಿಸಿದ್ದು ಎಲ್ಲಿ ಅಂತ ಗಮನಿಸಿ. "ತೊ" ಅಂದರೆ "ಜೊತೆ". "ಎ" ನಮ್ಮ "ಗೆ" ಪ್ರತ್ಯಯದ ಹಾಗೆ. ಇವನ್ನು ಹಿಂದಿನ ಪದದಿಂದ ಬೇರೆ ಮಾಡಬಾರದು. ತುಂಡು ಎಂದರೆ ಪದ ಅಲ್ಲ, ಅರ್ಥದ ಒಂದು ಗುಂಪು. ಒಂದು ವಾಕ್ಯದಲ್ಲಿ ಮೂರು ನಾಲ್ಕು ತುಂಡು ಇದ್ದರೆ ಸಾಕು.

ಈಗ ಎಚ್ಚರಿಕೆ. ಜಟೆ, ಘನ ಕೇಳಲು ಚೆನ್ನಾಗಿವೆ ಅಂತ ಎಲ್ಲ ಭಾಷೆಗೂ ಹಚ್ಚಬೇಡಿ. ಸಂಸ್ಕೃತದಲ್ಲಿ ಯಾರು, ಏನನ್ನು ಎಂಬುದು ವಿಭಕ್ತಿ ಪ್ರತ್ಯಯದಲ್ಲೇ ಇರುವುದರಿಂದ ಪದಗಳು ಹಿಂದೆ ಮುಂದೆ ಆದರೂ ಅರ್ಥ ಕೆಡುವುದು ಕಡಿಮೆ. ಕನ್ನಡದಲ್ಲೂ ಅಷ್ಟೇ. "ನಾಳೆ ಸ್ಟೇಷನ್‌ಗೆ", "ಸ್ಟೇಷನ್‌ಗೆ ನಾಳೆ", ಎರಡೂ ನಡೆಯುತ್ತವೆ. ಜಪಾನಿಯಲ್ಲಿ ಕ್ರಿಯಾಪದವನ್ನು ಕೊನೆಯಲ್ಲೇ ಬಿಟ್ಟು ಉಳಿದ ತುಂಡುಗಳನ್ನು ಅದಲುಬದಲು ಮಾಡಬಹುದು. ಚೀನಿಯಲ್ಲಿ ಹಾಗಲ್ಲ. "ವೊ ಐ ನಿ" ಎಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ. ಅದನ್ನೇ ತಿರುಗಿಸಿ "ನಿ ಐ ವೊ" ಎಂದರೆ ನೀನು ನನ್ನನ್ನು ಪ್ರೀತಿಸುತ್ತೀಯ. ಇಂಗ್ಲಿಷ್‌ನಲ್ಲೂ ಪದಗಳ ಜಾಗವೇ ಅರ್ಥ ಹೇಳುತ್ತದೆ. ಇಂಥ ಭಾಷೆಗಳಿಗೆ ಕ್ರಮಪಾಠ ಮಾತ್ರ ಬಳಸಿ. ಹಿಮ್ಮುಖ ಹೇಳಿದರೆ ತಪ್ಪು ವಾಕ್ಯವನ್ನೇ ನಾಲಿಗೆಗೆ ರೂಢಿ ಮಾಡಿದಂತೆ.

ಸಂಹಿತೆಯನ್ನೂ ಮರೆಯಬೇಡಿ. ಬಿಡಿಸಿ ಕಲಿತದ್ದನ್ನು ಮತ್ತೆ ಕೂಡಿಸಿ ಹೇಳಲೇಬೇಕು. ಫ್ರೆಂಚ್‌ನಲ್ಲಿ "ವೂ" ಬೇರೆ, "ಆವೆ" ಬೇರೆ. ಕೂಡಿದಾಗ "ವೂಝಾವೆ" ಆಗುತ್ತದೆ. "ಮನೆ", "ಅಲ್ಲಿ" ಸೇರಿ "ಮನೆಯಲ್ಲಿ" ಆಗುವಾಗ ನಡುವೆ ಯ ಬರುವುದಿಲ್ಲವೇ, ಹಾಗೆ. ಪುಸ್ತಕದಲ್ಲಿ ಓದಿದರೆ ಗೊತ್ತಾಗುವ ಮಾತು ಕಿವಿಗೆ ಬಿದ್ದಾಗ ಗೊತ್ತಾಗದೆ ಹೋಗಲು ದೊಡ್ಡ ಕಾರಣ ಇದೇ.

ದಿನಕ್ಕೆ ಹೊಸ ವಾಕ್ಯ ಮೂರು. ಅದಕ್ಕಿಂತ ಜಾಸ್ತಿ ಬೇಡ.

ಹಂತ 4: ಪದಗಳಿಗೆ ಜೋಡಿ, ಗುಂಪು, ಲಯ

ಚೀನಾದಲ್ಲಿ 6ನೇ ಶತಮಾನದ ಸುಮಾರಿಗೆ ಸಿದ್ಧವಾದ ಸಾವಿರ ಅಕ್ಷರಗಳ ಪದ್ಯವೊಂದಿದೆ. ಸಾಲಿಗೆ ನಾಲ್ಕು ಅಕ್ಷರ, ಒಟ್ಟು 250 ಸಾಲು, ಯಾವ ಅಕ್ಷರವೂ ಎರಡನೇ ಸಲ ಬರುವುದಿಲ್ಲ. ಮಕ್ಕಳು ಲಿಪಿ ಕಲಿಯುತ್ತಿದ್ದದ್ದು ಅದರಿಂದ. ಕೊರಿಯಾದವರು ಅದನ್ನು ತಮಗೆ ಒಗ್ಗಿಸಿಕೊಂಡ ರೀತಿ ನನಗೆ ತುಂಬಾ ಇಷ್ಟ. "ಹನುಲ್ ಚೊನ್" ಎಂದು ಶುರು. ಹನುಲ್ ಎಂದರೆ ಅವರದೇ ಭಾಷೆಯಲ್ಲಿ ಆಕಾಶ. ಚೊನ್ ಎಂಬುದು ಆ ಚೀನಿ ಅಕ್ಷರದ ಉಚ್ಚಾರಣೆ. ಅರ್ಥ ಮೊದಲು, ಹೊಸ ಸದ್ದು ಆಮೇಲೆ, ಎರಡೂ ಒಂದೇ ಉಸಿರಿನಲ್ಲಿ.

ನೀವೂ ಹಾಗೇ ನಾಲ್ಕು ನಾಲ್ಕು ಜೋಡಿಯ ಸಾಲು ಮಾಡಿಕೊಳ್ಳಿ. ಜಪಾನಿಯಾದರೆ ಹೀಗೆ:

ಬೆಟ್ಟ ಯಮ, ಹೊಳೆ ಕವ, ಕಾಡು ಮೊರಿ, ಕಲ್ಲು ಇಶಿ.

ತಾಳ ಹಾಕುತ್ತಾ ಹೇಳಿ. ಕನ್ನಡ ಮೊದಲು ಬರುವುದೇ ಮುಖ್ಯ. ಮಾತಾಡುವಾಗ ನಿಮಗೆ ಮೊದಲು ಹೊಳೆಯುವುದು ಅರ್ಥ, ಅಲ್ಲಿಂದ ಪದಕ್ಕೆ ಹೋಗಬೇಕು. ಎರಡು ವಾರದ ನಂತರ ಕನ್ನಡದ ಪದ ಬಿಟ್ಟುಬಿಡಿ. ಅದರ ಜಾಗದಲ್ಲಿ ಬೆಟ್ಟವನ್ನೇ ಕಣ್ಮುಂದೆ ತಂದುಕೊಳ್ಳಿ.

ಲಿಂಗ ಇರುವ ಭಾಷೆಯಾದರೆ ಅಮರಕೋಶದ ದಾರಿ ಹಿಡಿಯಿರಿ. ಅಮರಸಿಂಹ ತನ್ನ ನಿಘಂಟನ್ನು ಅಕ್ಷರ ಕ್ರಮದಲ್ಲಿ ಅಲ್ಲ, ಸ್ವರ್ಗ, ಭೂಮಿ, ಊರು, ಬೆಟ್ಟ ಎಂದು ವಿಷಯದ ಪ್ರಕಾರ ಪದ್ಯದಲ್ಲಿ ಕಟ್ಟಿದ. ಪದದ ಜೊತೆಗೇ ಅದರ ಲಿಂಗವನ್ನೂ ಹೇಳಿದ. ಅದರ ನಿಜವಾದ ಹೆಸರೇ ನಾಮಲಿಂಗಾನುಶಾಸನ. ಹಿಂದಿ ಕಲಿಯುವ ಕನ್ನಡಿಗರು ಎಡವುವುದೇ ಲಿಂಗದಲ್ಲಿ, ಯಾಕೆಂದರೆ ನಮ್ಮಲ್ಲಿ ಗೋಡೆಗೂ ಮನೆಗೂ ಗಂಡು ಹೆಣ್ಣು ಎಂಬುದಿಲ್ಲ. ಒಂಟಿ ಪದ ಕಲಿಯಬೇಡಿ. ಹೀಗೆ ಕಲಿಯಿರಿ:

ಮೇರಾ ಘರ್, ಮೇರಾ ಕಮ್ರಾ, ಮೇರಾ ದರ್ವಾಜಾ.
ಮೇರೀ ಖಿಡ್ಕೀ, ಮೇರೀ ದೀವಾರ್, ಮೇರೀ ಛತ್.

ಒಂದು ಸಾಲು ಪೂರ್ತಿ ಗಂಡು, ಒಂದು ಸಾಲು ಪೂರ್ತಿ ಹೆಣ್ಣು. ದೀವಾರ್ ಹೆಣ್ಣೋ ಗಂಡೋ ಎಂದು ಆಮೇಲೆ ಯೋಚಿಸಬೇಕಾಗಿಲ್ಲ. "ಮೇರಾ ದೀವಾರ್" ಎಂದರೆ ಕಿವಿಗೇ ಚುಚ್ಚುತ್ತದೆ.

ಇಲ್ಲೂ ಒಂದು ಹಳ್ಳ ಇದೆ. ಒಂದೇ ಜಾತಿಯ ಪದಗಳನ್ನು ಒಂದೇ ದಿನ ಹೊಸದಾಗಿ ಕಲಿತರೆ ಒಂದರೊಳಗೊಂದು ಕಲಸಿಹೋಗುತ್ತವೆ. ಎಡ-ಬಲ, ಬಣ್ಣಗಳು, ವಾರದ ದಿನಗಳು ಹೀಗೆ ಕೆಡುವುದು ಜಾಸ್ತಿ. ಇವತ್ತು ಎಡ ಕಲಿತರೆ ಬಲವನ್ನು ಮುಂದಿನ ವಾರ ಕಲಿಯಿರಿ. ಎರಡೂ ಪರಿಚಯವಾದ ಮೇಲೆ ಗುಂಪಿಗೆ ಸೇರಿಸಿ. ಗುಂಪು ಇರುವುದು ಮತ್ತೆ ಓದಲು, ಮೊದಲ ಸಲ ಕಲಿಯಲು ಅಲ್ಲ.

ಸದ್ದಿನ ಹೋಲಿಕೆಯಿಂದ ನೆನಪಿಡುವುದೂ ಏಷ್ಯಾದಲ್ಲಿ ಹಳೆಯದು. ಜಪಾನಿನವರು ಅಂಕಿಗಳನ್ನು ಪದವಾಗಿ ಓದಿ ಇಸವಿ ನೆನಪಿಡುತ್ತಾರೆ. ರಾಜಧಾನಿ ಹೆಯಾನ್‌ಗೆ ಹೋದ 794ನ್ನು "ನಕುಯೊ", ಅಂದರೆ ಹಕ್ಕಿ ಕೂಗುತ್ತದೆ ಎಂದು ಓದುತ್ತಾರೆ. ನೀವೂ ಮಾಡಬಹುದು. ಜಪಾನಿಯಲ್ಲಿ "ಅಮೆ" ಎಂದರೆ ಮಳೆ. ಮಳೆಯಲ್ಲಿ ನೆನೆಯುತ್ತಾ ಹೋಗುವ ಆಮೆಯನ್ನು ಊಹಿಸಿಕೊಳ್ಳಿ. ಆದರೆ ಪದ "ಅಮೆ", "ಆಮೆ" ಅಲ್ಲ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. "ಒಜಿಸಾನ್" ಎಂದರೆ ಚಿಕ್ಕಪ್ಪ ಅಥವಾ ಮಾವ, "ಒಜೀಸಾನ್" ಎಂದರೆ ಅಜ್ಜ. ಹಾಗಾಗಿ ಇಂಥ ಚಿತ್ರ ಮೊದಲ ಮೂರು ನಾಲ್ಕು ದಿನಕ್ಕೆ ಊರುಗೋಲು ಅಷ್ಟೇ. ಆಮೇಲೆ ಅದನ್ನು ಬದಿಗಿಡಿ, ಆಡಿಯೋ ಕೇಳಿ ಸದ್ದು ಸರಿಮಾಡಿಕೊಳ್ಳಿ.

ಚೀನಿ, ಜಪಾನಿ ಲಿಪಿಗೆ ಇನ್ನೊಂದು ಮಾತು. ಅಕ್ಷರ ಮರೆತಾಗ ಜಪಾನಿನವರು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡುತ್ತಾರೆ. ಕೈಗೂ ನೆನಪಿರುತ್ತದೆ. ಗೆರೆಗಳ ಕ್ರಮ ಮೊದಲಿಂದಲೇ ಸರಿಯಾಗಿ ಕಲಿತಿದ್ದರೆ ಮಾತ್ರ ಇದು ನೆರವಾಗುತ್ತದೆ.

ಹಂತ 5: ಸ್ವರದ ಏರಿಳಿತಕ್ಕೆ ಕಟಪಯಾದಿ ಮತ್ತು ಕೈ

ನೀವು ಕಲಿಯುವ ಭಾಷೆಯಲ್ಲಿ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗದಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಕಟಪಯಾದಿ ಎಂದರೆ ಅಕ್ಷರಕ್ಕೆ ಅಂಕಿ ಕೊಡುವ ಹಳೆಯ ಪದ್ಧತಿ. ಕ, ಟ, ಪ, ಯ ನಾಲ್ಕಕ್ಕೂ 1. ಖ, ಠ, ಫ, ರ ಇವಕ್ಕೆ 2. ಗ, ಡ, ಬ, ಲ ಇವಕ್ಕೆ 3. ಘ, ಢ, ಭ, ವ ಇವಕ್ಕೆ 4. ಹೀಗೇ ಮುಂದೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿರುವುದು ಇದರಿಂದ. ಧೀರಶಂಕರಾಭರಣದ ಧೀ 9, ರ 2. ತಿರುಗಿಸಿದರೆ 29.

ಚೀನಿಯಲ್ಲಿ ನಾಲ್ಕು ಏರಿಳಿತಗಳಿವೆ. ಒಂದೇ "ಮಾ" ಒಂದನೆಯದರಲ್ಲಿ ತಾಯಿ, ಎರಡನೆಯದರಲ್ಲಿ ನಾರಿನ ಗಿಡ, ಮೂರನೆಯದರಲ್ಲಿ ಕುದುರೆ, ನಾಲ್ಕನೆಯದರಲ್ಲಿ ಬೈಯುವುದು. ಪ್ರತಿ ಅರ್ಥಕ್ಕೂ ಒಂದು ಕನ್ನಡ ಪದ ಅಂಟಿಸಿ. ಅದರ ಮೊದಲ ಅಕ್ಷರವೇ ಅಂಕಿ ಹೇಳಲಿ. ತಾಯಿಗೆ ಕರುಳು: ಕ, 1. ನಾರಿಗೆ ರಾಟೆ: ರ, 2. ಕುದುರೆಗೆ ಲಗಾಮು: ಲ, 3. ಬೈಗುಳಕ್ಕೆ ಭಯ: ಭ, 4. ಅರ್ಥ ನೆನಪಾದರೆ ಅಂಕಿ ತಾನಾಗಿಯೇ ಬರುತ್ತದೆ. ಜರ್ಮನ್‌ನ ಮೂರು ಲಿಂಗಗಳಿಗೂ 1, 2, 3 ಎಂದು ಇದನ್ನೇ ಬಳಸಬಹುದು.

ಅಂಕಿ ಗೊತ್ತಿದ್ದರೆ ಸಾಲದು, ದನಿ ಏರಬೇಕು, ಇಳಿಯಬೇಕು. ವೇದದ ಉದಾತ್ತ, ಅನುದಾತ್ತ, ಸ್ವರಿತ ಎಂಬ ದನಿಯ ಏರಿಳಿತಗಳನ್ನು ತಲೆಯ ಅಥವಾ ಕೈಯ ಚಲನೆಯೊಂದಿಗೆ ಕಲಿಸುವ ಸಂಪ್ರದಾಯಗಳಿವೆ. ಹಾಗೇ ಮಾಡಿ. ಒಂದನೆಯದಕ್ಕೆ ಕೈ ಎತ್ತರದಲ್ಲಿ ಸಮವಾಗಿ ಹೋಗಲಿ. ಎರಡನೆಯದಕ್ಕೆ ಕೆಳಗಿಂದ ಮೇಲೆ. ಮೂರನೆಯದಕ್ಕೆ ಕೆಳಗಿಳಿದು ಮತ್ತೆ ಏರಲಿ. ನಾಲ್ಕನೆಯದಕ್ಕೆ ಮೇಲಿಂದ ಕೆಳಕ್ಕೆ ಕಡಿದ ಹಾಗೆ. ಕೈ ತಪ್ಪದಿದ್ದರೆ ದನಿಯೂ ಅದರ ಹಿಂದೆ ಹೋಗುತ್ತದೆ.

ಹಂತ 6: ಸಬಕ್, ಸಬ್ಕೀ, ಮಂಜಿಲ್

ಕುರಾನ್ ಬಾಯಿಪಾಠ ಮಾಡುವ ವಿದ್ಯಾರ್ಥಿಗಳ ದಿನಚರಿ ಭಾರತದ ಹಲವು ಮದರಸಾಗಳಲ್ಲಿ ಮೂರು ಭಾಗದ್ದು. ಸಬಕ್ ಎಂದರೆ ಇವತ್ತಿನ ಹೊಸ ಪಾಠ. ಸಬ್ಕೀ ಎಂದರೆ ಇತ್ತೀಚೆಗೆ ಕಲಿತದ್ದು. ಮಂಜಿಲ್ ಎಂದರೆ ಹಳೆಯದು, ಸರದಿಯ ಪ್ರಕಾರ. ಮೂರನ್ನೂ ದಿನಾ ಒಪ್ಪಿಸಬೇಕು. ಹಳೆಯದನ್ನು ಯಾವಾಗ ತಿರುವಿಹಾಕಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ನನಗೆ ಸಿಕ್ಕಿಲ್ಲ.

ನಿಮ್ಮ ಅರ್ಧ ಗಂಟೆ ಹೀಗಿರಲಿ. 12 ನಿಮಿಷ ಮಂಜಿಲ್: ಹಳೆಯ ವಾಕ್ಯಗಳನ್ನು ಏಳು ಭಾಗ ಮಾಡಿ, ದಿನಕ್ಕೆ ಒಂದು ಭಾಗ. 8 ನಿಮಿಷ ಸಬ್ಕೀ: ಕಳೆದ ಏಳು ದಿನದ್ದು. ಉಳಿದ 10 ನಿಮಿಷ ಸಬಕ್. ಹಳೆಯದೇ ಮೊದಲು. ಹೊಸದರಿಂದ ಶುರು ಮಾಡಿದರೆ ಹಳೆಯದಕ್ಕೆ ಸಮಯ ಉಳಿಯುವುದೇ ಇಲ್ಲ.

ಬರಹ ಮುಚ್ಚಿ ಒಪ್ಪಿಸಿ. ನೋಡಿಕೊಂಡು ಓದಿದರೆ ಗೊತ್ತಿದೆ ಅನಿಸುತ್ತದೆ, ಗೊತ್ತಿರುವುದಿಲ್ಲ. ತಡವರಿಸಿದರೆ ಹತ್ತು ಸೆಕೆಂಡ್ ಕಾಯಿರಿ, ಆಮೇಲೆ ನೋಡಿ. ಮಂಜಿಲ್‌ನಲ್ಲಿ ಐದಕ್ಕಿಂತ ಹೆಚ್ಚು ವಾಕ್ಯ ಮುರಿದರೆ ಆ ದಿನ ಹೊಸ ಪಾಠ ಬೇಡ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಸೇರಿಸಿ ಮಾಡಬೇಡಿ. ಬಿಟ್ಟ ಕಡೆಯಿಂದ ಮುಂದುವರಿಸಿ.

ಹಂತ 7: ಅವಧಾನ, ಅಂದರೆ ಬಿಡಿಸುವುದು

ಮೂರು ವಾರದ ನಂತರ ಇದನ್ನು ಶುರು ಮಾಡಿ.

ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕೂತಿರುತ್ತಾರೆ. ಪದ್ಯ ಕೇಳಿದ ಒಬ್ಬೊಬ್ಬರಿಗೂ ಅವಧಾನಿ ಒಂದೊಂದು ಪಾದ ಹೇಳುತ್ತಾ ನಾಲ್ಕು ಸುತ್ತಿನಲ್ಲಿ ಪದ್ಯ ಮುಗಿಸಬೇಕು. ನಡುವೆ ಒಬ್ಬರು ಸಂಬಂಧವಿಲ್ಲದ ಮಾತು ಎತ್ತಿ ಗಮನ ಕೆಡಿಸುತ್ತಲೇ ಇರುತ್ತಾರೆ. ಅದಕ್ಕೆ ಅಪ್ರಸ್ತುತ ಪ್ರಸಂಗ ಎಂದು ಹೆಸರು. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದವರಿಗೆ ಇದು ಗೊತ್ತು. ಅಲ್ಲಿ ನೆನಪು ಮಾತ್ರ ಅಲ್ಲ, ನೆನಪಿನಿಂದ ಆ ಕ್ಷಣಕ್ಕೆ ಹೊಸದು ಕಟ್ಟುವ ಕೆಲಸವೂ ಇದೆ. ನಮಗೆ ಬೇಕಾದದ್ದು ಅದೇ. ಅದರ ಮೂರು ಭಾಗಗಳನ್ನು ನಮ್ಮ ಅಳತೆಗೆ ಇಳಿಸಿಕೊಳ್ಳೋಣ.

ದತ್ತಪದಿ: ಕೊಟ್ಟ ಪದಗಳನ್ನು ಬಳಸಿ ಪದ್ಯ ಕಟ್ಟುವುದು. ನೀವು ಮಂಜಿಲ್‌ನಿಂದ ಕಣ್ಣು ಮುಚ್ಚಿ ನಾಲ್ಕು ಪದ ಆರಿಸಿ, ನಾಲ್ಕೂ ಬರುವ ಪುಟ್ಟ ಕಥೆಯನ್ನು ಒಂದು ನಿಮಿಷದಲ್ಲಿ ಹೇಳಿ. ಬರೆಯಬಾರದು, ಬಾಯಲ್ಲೇ.

ಸಮಸ್ಯಾಪೂರಣ: ಕೊನೆಯ ಸಾಲು ಕೊಟ್ಟು ಉಳಿದದ್ದನ್ನು ತುಂಬಿಸುವುದು. "ನಾಳೆ ಗೆಳೆಯನ ಜೊತೆ ಸ್ಟೇಷನ್‌ಗೆ ಹೋಗುತ್ತೇನೆ" ಎಂಬುದೇ ಕೊನೆಯ ಮಾತಾಗುವ ಹಾಗೆ ಮೊದಲ ಮೂರು ವಾಕ್ಯ ನೀವು ಕಟ್ಟಿ. ಮರುದಿನ ಅದೇ ವಾಕ್ಯವನ್ನು "ನಿನ್ನೆ" ಮಾಡಿ. ಅದರ ಮರುದಿನ "ಹೋಗುವುದಿಲ್ಲ" ಮಾಡಿ.

ನಿಷೇಧಾಕ್ಷರಿ: ಅವಧಾನಿ ಹೇಳಹೊರಟ ಅಕ್ಷರವನ್ನು ಪೃಚ್ಛಕರು ಬೇಡ ಎನ್ನುತ್ತಾರೆ, ಬೇರೆ ದಾರಿ ಹುಡುಕಬೇಕು. ನೀವು ಅಕ್ಷರದ ಬದಲು ಪದ ನಿಷೇಧಿಸಿ. "ಸ್ಟೇಷನ್" ಎನ್ನದೆ ಸ್ಟೇಷನ್ ಎಂದು ತಿಳಿಸಿ: ರೈಲು ನಿಲ್ಲುವ ಜಾಗ, ಟಿಕೆಟ್ ಕೊಳ್ಳುವ ಜಾಗ. ನಿಜವಾದ ಮಾತುಕತೆಯಲ್ಲಿ ಪದ ಕೈಕೊಟ್ಟಾಗ ನಿಮ್ಮನ್ನು ಕಾಯುವುದು ಇದೇ ಅಭ್ಯಾಸ. ಏಳು ಹಂತಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಜೊತೆಗೆ ಕಲಿಯುವವರು ಯಾರಾದರೂ ಇದ್ದರೆ ಅವರನ್ನೇ ಅಪ್ರಸ್ತುತ ಪ್ರಸಂಗಕ್ಕೆ ಕೂರಿಸಿ. ನೀವು ಕಥೆ ಹೇಳುತ್ತಿರುವಾಗ ಅವರು ಅದೇ ಭಾಷೆಯಲ್ಲಿ "ಗಂಟೆ ಎಷ್ಟು?", "ಊಟ ಆಯ್ತಾ?" ಎಂದು ನಡುವೆ ಕೇಳಲಿ. ಉತ್ತರ ಕೊಟ್ಟು, ಬಿಟ್ಟ ತುಂಡಿನಿಂದಲೇ ಮುಂದುವರಿಸಿ. ಮೊದಲ ವಾರ ಕಥೆಗೆ ಒಂದು ಪ್ರಶ್ನೆ ಸಾಕು. ಅದು ಸಲೀಸಾದ ಮೇಲೆ ಎರಡು, ಆಮೇಲೆ ಮೂರು. ಒಬ್ಬರೇ ಇದ್ದರೆ ಅಂಥ ಹತ್ತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು, ಮೊಬೈಲ್‌ನಲ್ಲಿ ಇಪ್ಪತ್ತು ಸೆಕೆಂಡಿಗೆ ಅಲಾರಂ ಇಟ್ಟು, ಅದು ಹೊಡೆದಾಗ ಒಂದು ಚೀಟಿ ಎತ್ತಿ.